ಬೀಸುಕಲ್ಲಿನ ಸದ್ದು ನಾಯ್ಸ್ ಅಲ್ಲ

ಪುಣೆಯಲ್ಲಿ ಬುಧವಾರ ಮತ್ತು ಭಾನುವಾರ ಜುನಾ ಬಜಾರ್ ಸೇರುತ್ತದೆ. ತುಕ್ಕು ಹಿಡಿದ ಪಾನಾ, ಇಕ್ಕಳಗಳಿಂದ ಹಿಡಿದು ಹಳೆ ನಾಣ್ಯ, ಹಿತ್ತಾಳೆ ತಂಬಿಗೆವರೆಗೆ ಎಲ್ಲವೂ ನೆಲದ ಮೇಲೆಯೇ ಹರಡಿರುತ್ತವೆ. ಅಲ್ಲೊಂದು ಟೇಪ್‌ರೆಕಾರ್ಡರ್ ಎತ್ತಿಕೊಂಡು ‘ಚಾಲೂ ಆಹೆ ಕಾ?’ ಎಂದು ಕೇಳಿದೆ. ‘ದಿಸಾಯ್ಲಾ ಛಾನ್ ಆಹೆ’ ಎಂದ ಅಂಗಡಿಯವ. ನೋಡಲು ಚೆಂದ ಇದೆ, ಅಷ್ಟೇ. ಈಗ ಅದನ್ನು ಕೊಳ್ಳುವವರು ಹೆಚ್ಚಾಗಿ ಕೆಫೆಯ ಗೋಡೆಗೆ ಇಡುವವರಂತೆ. ನನಗೆ ಬೇಕಾಗಿದ್ದದ್ದು ತಿರುಗುವ ಯಂತ್ರ.

ಅಪ್ಪ ತೀರಿಕೊಂಡ ಮೇಲೆ ಬಾಗಲಕೋಟೆ ಕಡೆಯ ನಮ್ಮ ಊರಿನಿಂದ ಒಂದು ಟ್ರಂಕು ಪುಣೆಯ ಫ್ಲ್ಯಾಟಿಗೆ ಬಂತು. ಒಳಗೆ 64 ಕ್ಯಾಸೆಟ್. ಗದಗ ಸೀಮೆಯಿಂದ ಬಂದು ಇದೇ ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರ ದಾಸವಾಣಿ, 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದ ಅಶ್ವತ್ಥರ ಹಾಡುಗಳು, ರಾಜಕುಮಾರ್ ಹಾಡುಗಳಂತೂ ಎರಡು ಸಾಲು. ಇವೆಲ್ಲ ಇವತ್ತು ಫೋನಿನಲ್ಲೇ ಸಿಗುತ್ತವೆ. ಎಲ್ಲೂ ಸಿಗದಿದ್ದವು ಮನೆಯಲ್ಲೇ ತುಂಬಿಸಿದ ಏಳು ಕ್ಯಾಸೆಟ್. ಅದರಲ್ಲೊಂದರ ಮೇಲೆ ಅಪ್ಪನ ಮಾಸ್ತರಿಕೆಯ ದುಂಡು ಅಕ್ಷರ: ‘ಅವ್ವನ ಬೀಸೂ ಪದ, 1991’.

ಹಗಲೆಲ್ಲ ಸರ್ವರುಗಳ ಲಾಗ್ ನೋಡುವ ನನಗೆ ಇದು ರಾತ್ರಿಯ ಹವ್ಯಾಸವಾಯಿತು. ಕ್ಯಾಸೆಟ್ ಎಂಬುದು 1963ರಲ್ಲಿ ಫಿಲಿಪ್ಸ್ ಕಂಪನಿಯ ಲೂ ಓಟೆನ್ಸ್ ತಂಡ ಹೊರತಂದ ಸರಳ ಯಂತ್ರ. ನಾಲ್ಕು ಮಿಲಿಮೀಟರಿಗೂ ಕಡಿಮೆ ಅಗಲದ ಪಟ್ಟಿ, ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗ. ಪಟ್ಟಿ ಸಾಮಾನ್ಯವಾಗಿ ಗಟ್ಟಿಯೇ. ಮೊದಲು ಸಾಯುವುದು ಸುತ್ತಲಿನ ಸಾಮಾನು. ರೆಕಾರ್ಡರಿನ ರಬ್ಬರ್ ಬೆಲ್ಟ್ ಕರಗಿ ಡಾಂಬರಿನಂತಾಗುತ್ತದೆ. ಪಟ್ಟಿಯನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಫೆಲ್ಟಿನ ಪುಟ್ಟ ತುಣುಕು ಅಂಟು ಬಿಟ್ಟು ಉದುರುತ್ತದೆ. ಬೆಲ್ಟು ಬುಧವಾರ ಪೇಠೆಯ ತಾಪಕೀರ್ ಗಲ್ಲಿಯಲ್ಲಿ ಸಿಕ್ಕಿತು. ಅಜ್ಜಿಯ ಕ್ಯಾಸೆಟ್ಟಿನ ಫೆಲ್ಟ್ ಹೋಗಿತ್ತು. ಅದರ ಸುರುಳಿಗಳನ್ನು ಇನ್ನೊಂದು ಕ್ಯಾಸೆಟ್ಟಿನ ಚಿಪ್ಪಿಗೆ ವರ್ಗಾಯಿಸಿದೆ. ಅಷ್ಟು ಹೊತ್ತು ಹೆಂಡತಿ ಫ್ಯಾನ್ ಬಂದ್ ಮಾಡಿ ಕೂತಿದ್ದಳು.

ಆದರೂ ದನಿ ಕಂಬಳಿಯೊಳಗಿಂದ ಬಂದಂತೆ ಬಂತು. ಒಂದು ಯಂತ್ರದಲ್ಲಿ ತುಂಬಿಸಿದ್ದನ್ನು ಇನ್ನೊಂದರಲ್ಲಿ ಹಾಕಿದಾಗ ಹೆಡ್ಡಿನ ಓರೆ ಕೂದಲೆಳೆಯಷ್ಟು ಬೇರೆಯಾದರೂ ಸಣ್ಣ ನಾದಗಳು ಮುಚ್ಚಿಹೋಗುತ್ತವೆ. ಹೆಡ್ಡಿನ ಪಕ್ಕ ಅದಕ್ಕೆಂದೇ ಒಂದು ತಿರುಪು ಇರುತ್ತದೆ. ಹಾಡು ನಡೆಯುತ್ತಿರುವಾಗಲೇ ಕಾಲು ಸುತ್ತು ತಿರುಗಿಸಿದೆ. ಕಂಬಳಿ ಸರಿಯಿತು. ಹಿಂದಕ್ಕೆ ಸುತ್ತಿ ಮೊದಲಿನಿಂದ ಹಚ್ಚಿದೆ. ‘ಹೂಂ, ಹಾಡವ್ವಾ, ಚಾಲೂ ಆಗೈತಿ’ ಎಂದು ಅಪ್ಪ ಹೇಳಿದ್ದು ಕೇಳಿತು, ಆಮೇಲೆ ಕಲ್ಲಿನ ಗರಗರ, ಆಮೇಲೆ ಅಜ್ಜಿ. ನಡುವೆ ಅಳುವ ಕೂಸು ನಾನಂತೆ.

ಆ ಹೊತ್ತಿಗೆ ಊರಿಗೆ ಗಿರಣಿ ಬಂದು ಎಷ್ಟೋ ವರ್ಷವಾಗಿತ್ತು. ಬೀಸುಕಲ್ಲು ಬೇಳೆ ಒಡೆಯಲು ಮಾತ್ರ. ಅಪ್ಪ ಬೇಕೆಂದೇ ಅಜ್ಜಿಯನ್ನು ಕಲ್ಲಿನ ಮುಂದೆ ಕೂರಿಸಿದ್ದರು. ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂದು ಪುಸ್ತಕಕ್ಕೆ ತಂದದ್ದು ಇಂಥ ತ್ರಿಪದಿಗಳನ್ನೇ. ಅವರಿಂದ ನುಡಿ ಉಳಿಯಿತು. ಕಲ್ಲಿನ ಸದ್ದನ್ನು ಹಾಳೆಯಲ್ಲಿ ಹಿಡಿಯಲು ಬರುವುದಿಲ್ಲ.

ಕಂಪ್ಯೂಟರಿಗೆ ಇಳಿಸಿದ ಮೇಲೆ ಸದ್ದು ಶುದ್ಧಮಾಡುವ ಕೆಲಸ. ಆಡಾಸಿಟಿ ಎಂಬ ಉಚಿತ ತಂತ್ರಾಂಶಕ್ಕೆ ಹಾಡಿಲ್ಲದ ಒಂದು ತುಣುಕನ್ನು ತೋರಿಸಿ ‘ಇದು ನಾಯ್ಸ್’ ಎಂದರೆ, ಅದರಲ್ಲಿರುವ ಕಂಪನಗಳನ್ನು ಇಡೀ ಧ್ವನಿಯಲ್ಲಿ ತಗ್ಗಿಸುತ್ತದೆ. ಹಾಡು ಶುರುವಾಗುವ ಮುಂಚಿನ ತುಣುಕಿನಲ್ಲಿ ಪಟ್ಟಿಯ ಹಿಸ್ ಇದೆ, ಮೋಟಾರಿನ ಗುಂಯ್ ಇದೆ, ಕಲ್ಲೂ ಇದೆ. ತಂತ್ರಾಂಶಕ್ಕೆ ಮೂರೂ ಒಂದೇ. ಶುದ್ಧ ಮಾಡಿದ್ದು, ಮಾಡದ್ದು, ಎರಡೂ ಪ್ರತಿ ಅವ್ವನಿಗೆ ಕಳಿಸಿದೆ, ಯಾವುದು ಯಾವುದೆಂದು ಹೇಳದೆ.

‘ಮೊದಲನೇದು ಯಾರೋ ರೇಡಿಯೋದಾಗ ಹಾಡಿದ್ಹಾಂಗ ಐತಿ. ಎರಡನೇದು ನಮ್ಮತ್ತಿ’ ಎಂದಳು. ಎರಡನೆಯದು ಶುದ್ಧ ಮಾಡದ್ದು. ಎಂಟೆಕ್‌ನಲ್ಲಿ ಸಿಗ್ನಲ್, ನಾಯ್ಸ್ ಎಂದು ಒಂದು ಸೆಮಿಸ್ಟರ್ ಇಡೀ ಓದಿದ್ದೆ; ಈ ವ್ಯಾಖ್ಯೆ ಅಲ್ಲಿರಲಿಲ್ಲ.

ಹದಿನೆಂಟನೇ ನಿಮಿಷಕ್ಕೆ ಕಲ್ಲು ಒಮ್ಮೆಲೇ ನಿಂತು ಸಿನಿಮಾ ಹಾಡು ಬರುತ್ತದೆ. ಕಾಕಾ ರೇಡಿಯೋದಿಂದ ತುಂಬಿಸಿದ್ದು. ಕ್ಯಾಸೆಟ್ಟಿನ ಮೇಲಂಚಿನ ಪ್ಲಾಸ್ಟಿಕ್ ಹಲ್ಲು ಮುರಿದಿದ್ದರೆ ಗುಂಡಿ ಒತ್ತಿದರೂ ಒಳಗೆ ಹೋಗುತ್ತಿರಲಿಲ್ಲ. ಹೀಗೆ ಹನ್ನೊಂದು ನಿಮಿಷ ಹೋಯಿತು. ‘ಅಣ್ಣಾ, ಎಐ ಹಚ್ಚಿ ತುಂಬಿಸಾಕ ಬರೂದಿಲ್ಲೇನು?’ ಎಂದ ಕಾಕಾನ ಮಗ. ಹೊಸ ಹಾಡು ಬರೆಯುವ ಮೊದಲೇ ಯಂತ್ರ ಹಳೆಯದನ್ನು ಅಳಿಸುತ್ತಾ ಬರುತ್ತದೆ. ಎಐ ತುಂಬಿಸುವುದು ಅಜ್ಜಿಯಂಥದೇ ದನಿಯನ್ನು, ಅಜ್ಜಿಯನ್ನಲ್ಲ. ಬೇಡವೆಂದೆ.

ಬಿ ಸೈಡಿನ ಕೊನೆಯಲ್ಲಿ ಇನ್ನೊಂದಿತ್ತು. ಪದ ಮುಗಿದ ಮೇಲೂ ಟೇಪ್ ಓಡುತ್ತಲೇ ಇದೆ. ಎರಡು ನಿಮಿಷ ಅಜ್ಜಿ ಅಪ್ಪನ ಮುಂದೆ ಹೊಲದ ಪಾಲಿನ ಮಾತಾಡಿದ್ದಾಳೆ. ಕಾಕಾನ ಹೆಸರೂ ಬರುತ್ತದೆ, ಮೆಚ್ಚುಗೆಯಿಂದಲ್ಲ. ನಮ್ಮ ಮನೆತನದ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮೂವತ್ತೆಂಟು ಮಂದಿ ಇದ್ದಾರೆ, ಕಾಕಾನೂ ಇದ್ದಾನೆ. ಎಲ್ಲರೂ ‘ಯಾವಾಗ ಹಾಕ್ತಿ?’ ಎಂದು ಕೇಳುತ್ತಿದ್ದರು. ಅವ್ವನಿಗೆ ಫೋನಿನಲ್ಲೇ ಕೇಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

‘ಅದನ್ನ ಗ್ರೂಪಿನ್ಯಾಗ ಹಾಕಬ್ಯಾಡ. ನಿಮ್ಮಜ್ಜಿ ನಿಮ್ಮಪ್ಪನ ಮುಂದ ಹೇಳ್ಯಾರ, ಊರ ಮುಂದ ಅಲ್ಲ.’

‘ಅಳಿಸಲೇನು?’

‘ಅಳಿಸೂದು ಯಾಕ? ನನ್ನ ಫೋನಿಗೆ ಕಳಿಸು.’

ಟ್ರಂಕಿನಲ್ಲಿದ್ದಾಗ ಈ ಮಾತಿಗೆ ಮೂವತ್ತು ವರ್ಷ ತಾನಾಗಿಯೇ ಮರೆ ಇತ್ತು. ಫೈಲ್ ಆದ ಮೇಲೆ ಆ ಮರೆಯನ್ನು ಯಾರಾದರೂ ಕಟ್ಟಬೇಕು. ಗ್ರೂಪಿಗೆ ಹೋದದ್ದು ಪದಗಳು ಮಾತ್ರ. ಮೂಲ ಫೈಲಿಗೆ ಕತ್ತರಿ ಹಾಕಿಲ್ಲ, ಕ್ಯಾಸೆಟ್ಟಿನ ಎರಡೂ ಹಲ್ಲು ಮುರಿದಿಟ್ಟಿದ್ದೇನೆ.

ಹೋದ ಹನ್ನೊಂದು ನಿಮಿಷದ ಪದಗಳನ್ನು ಈಗ ಅವ್ವ ಮತ್ತು ಸೊಲ್ಲಾಪುರದ ಸೋದರತ್ತೆ ಭಾನುವಾರಕ್ಕೊಮ್ಮೆ ಫೋನಿನಲ್ಲಿ ನೆನಪಿಸಿಕೊಳ್ಳುತ್ತಿದ್ದಾರೆ. ತವರಿನ ಅಣ್ಣ ಬರುವ ನುಡಿ ಮೊದಲು ಎನ್ನುತ್ತಾಳೆ ಅವ್ವ. ಇಲ್ಲ, ಬಳೆಗಾರ ಬಂದ ಮೇಲೆಯೇ ಅಣ್ಣ ಎನ್ನುತ್ತಾಳೆ ಅತ್ತೆ, ‘ನಮ್ಮವ್ವನ ಹಾಡು ನನಗ ಗೊತ್ತಿಲ್ಲೇನು?’ ಎಂದು. ಜಗಳವನ್ನೂ ರೆಕಾರ್ಡ್ ಮಾಡುತ್ತಿದ್ದೇನೆ, ಇಬ್ಬರಿಗೂ ಹೇಳಿಯೇ.