ಒಂದೇ ಸ್ವರದ ಯಂತ್ರ: ಯಾವುದು ನಿಮಗೆ ಸರಿ?

ಕೊಳಲು ಒಂದು ಬಾರಿಗೆ ಒಂದೇ ಸ್ವರ ನುಡಿಯುತ್ತದೆ. ನಾಗಸ್ವರವೂ ಅಷ್ಟೆ. ಅದನ್ನು ಯಾರೂ ಕೊರತೆ ಎನ್ನುವುದಿಲ್ಲ. ಆದರೆ ಮನೆಯಲ್ಲೇ ಪುಟ್ಟ ಸ್ಟುಡಿಯೊ ಮಾಡಿಕೊಳ್ಳಲು ಹೊರಟವರಿಗೆ ಅನಲಾಗ್ ಮೊನೊಫೋನಿಕ್ ಸಿಂಥಸೈಜರ್ ತೋರಿಸಿದರೆ, ‘ಇಷ್ಟು ದುಡ್ಡಿಗೆ ಒಂದೇ ಸ್ವರವೇ?’ ಎಂದು ಹುಬ್ಬೇರಿಸುತ್ತಾರೆ. ಪ್ರಶ್ನೆ ಸಹಜವೇ. ಆದರೆ ರಾಗದ ಎಳೆ ಹಿಡಿದು ನುಡಿಸುವವರಿಗೆ ಬೇಕಾದದ್ದು ಹತ್ತು ಸ್ವರಗಳ ಗುಂಪಲ್ಲ, ಜೀವವಿರುವ ಒಂದು ಸ್ವರ.

ಒಳಗೇನಿದೆ?

ಇದರ ರಚನೆ ಸರಳ. ಆಸಿಲೇಟರ್ ಎಂಬ ವಿದ್ಯುತ್ ಮಂಡಲದಲ್ಲಿ ನಾದ ಹುಟ್ಟುತ್ತದೆ. ಫಿಲ್ಟರ್ ಅದರ ಕೆಲವು ಅಂಶಗಳನ್ನು ಸೋಸಿ ಬಣ್ಣ ಕೊಡುತ್ತದೆ. ಎನ್ವಲಪ್ ಎಂಬ ಭಾಗ ಸ್ವರ ಹೇಗೆ ಏಳಬೇಕು, ಹೇಗೆ ಅಡಗಬೇಕು ಎಂದು ತೀರ್ಮಾನಿಸುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ‘ಗ್ಲೈಡ್’ ಸೌಲಭ್ಯವಂತೂ ನಮ್ಮ ಜಾರುಗಳ ನೆಂಟನೇ.

ಮೂರು ಮಾದರಿಗಳು

ಅಮೆರಿಕದ ಮಿನಿಮೂಗ್ 1970ರಲ್ಲಿ ಬಂದಿತು. ಮೂರು ಆಸಿಲೇಟರ್, 44 ಕೀಗಳು, ತುಂಬು ನಾದ. 2022ರಲ್ಲಿ ಮತ್ತೆ ತಯಾರಾದಾಗ ಅಲ್ಲಿನ ಬೆಲೆ 5,000 ಡಾಲರ್ ಸಮೀಪ. ಇಷ್ಟಾದರೂ ಹೊಂದಿಸಿದ ನಾದವನ್ನು ನೆನಪಿಟ್ಟುಕೊಳ್ಳುವ ವ್ಯವಸ್ಥೆ ಇದರಲ್ಲಿಲ್ಲ. ಇಂದಿನ ನಾದ ನಾಳೆಯೂ ಬೇಕೆಂದರೆ ಗುಂಡಿಗಳ ಸ್ಥಾನವನ್ನು ಬರೆದಿಟ್ಟುಕೊಳ್ಳಬೇಕು.

ಜಪಾನಿನ ಕಾರ್ಗ್ ಎಂಎಸ್-20 ಹುಟ್ಟಿದ್ದು 1978ರಲ್ಲಿ. 2013ರಲ್ಲಿ ಇದರ ಕಿರಿಯ ರೂಪ ಸುಮಾರು 600 ಡಾಲರಿಗೆ ಬಂದಿತು. ಎರಡು ಆಸಿಲೇಟರ್, ಎರಡು ಫಿಲ್ಟರ್, ಬಲಬದಿಯಲ್ಲಿ ತಂತಿಗಳನ್ನು ಬೇಕಾದಂತೆ ಸಿಕ್ಕಿಸಬಹುದಾದ ಫಲಕ. ಇದರ ಫಿಲ್ಟರ್ ಚೀರಬಲ್ಲದು, ಗುಡುಗಬಲ್ಲದು. ಪ್ರಯೋಗಪ್ರಿಯರಿಗೆ ಹಬ್ಬ, ಆತುರಗಾರರಿಗೆ ತಲೆನೋವು. ನೆನಪಿನ ಶಕ್ತಿ ಇದಕ್ಕೂ ಇಲ್ಲ.

ಮೂರನೆಯದು ಅದೇ ಕಾರ್ಗ್‌ನ ಮೊನೊಲಾಗ್. 2016ರಲ್ಲಿ ಪ್ರಕಟವಾದಾಗ ಬೆಲೆ ಸುಮಾರು 300 ಡಾಲರ್. ಎರಡು ಆಸಿಲೇಟರ್, 25 ಪುಟ್ಟ ಕೀಗಳು, 100 ನಾದಗಳ ಸಂಗ್ರಹ. ಬ್ಯಾಟರಿಯಿಂದಲೂ ನಡೆಯುತ್ತದೆ. ಸ್ವರಗಳನ್ನು ಒಂದೊಂದಾಗಿ ತುಸು ಏರಿಸಿ ಇಳಿಸಿ ಶ್ರುತಿಗೊಳಿಸುವ ಸೌಲಭ್ಯವೂ ಇದೆ. ಪಾಶ್ಚಾತ್ಯ ಕೀಬೋರ್ಡಿನ ಗಾಂಧಾರ ಕಿವಿಗೆ ಚುಚ್ಚುವವರಿಗೆ ಇದು ದೊಡ್ಡ ವರ. ಆದರೆ ಹಾರ್ಮೋನಿಯಂಗೆ ಒಗ್ಗಿದ ಬೆರಳುಗಳಿಗೆ ಕೀಗಳು ಇಕ್ಕಟ್ಟಾಗಬಹುದು.

ಸಂಖ್ಯೆಯೇ ಅಳತೆಯಲ್ಲ

ಆಸಿಲೇಟರ್ ಹೆಚ್ಚಾದಷ್ಟೂ ಉತ್ತಮ ಎಂಬ ನಂಬಿಕೆ ಬೇಡ. ಮುಂಬೈ ಚಿತ್ರರಂಗದ ವಾದಕ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳದಲ್ಲಿ ಧ್ವನಿಮುದ್ರಿಸಿದಾಗ ಬಳಸಿದ ವಾದ್ಯಗಳಲ್ಲಿ ರೋಲ್ಯಾಂಡ್ ಟಿಬಿ-303 ಕೂಡ ಒಂದು. ಅದಕ್ಕಿದ್ದದ್ದು ಒಂದೇ ಆಸಿಲೇಟರ್. ಬಾಸ್ ಗಿಟಾರಿನ ಬದಲಿಗೆಂದು ಮಾಡಿದ ಆ ಪುಟ್ಟ ಪೆಟ್ಟಿಗೆ ಆಗ ಸರಿಯಾಗಿ ಮಾರಾಟವಾಗಲೇ ಇಲ್ಲ. ಆ ಧ್ವನಿಮುದ್ರಿಕೆ 2010ರಲ್ಲಿ ಮರುಬಿಡುಗಡೆಯಾದಾಗ ಜಗತ್ತು ಬೆರಗಾಯಿತು.

ಹಾಗಾದರೆ ಆಯ್ಕೆ ಹೇಗೆ? ಒಂದೊಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಹೋಗಬೇಕಾದವರಿಗೆ, ನಿನ್ನೆಯ ನಾದ ಇಂದು ತಕ್ಷಣ ಬೇಕಾದವರಿಗೆ ಸಂಗ್ರಹಶಕ್ತಿಯಿರುವ ಯಂತ್ರವೇ ಲೇಸು. ನಾದದ ಹುಟ್ಟನ್ನೇ ಕಲಿಯಬೇಕೆನ್ನುವವರಿಗೆ ತಂತಿ ಸಿಕ್ಕಿಸುವ ಯಂತ್ರ ಒಳ್ಳೆಯ ಗುರು. ಮಿನಿಮೂಗ್ ಮೇಲೆ ಆಸೆಯಿದ್ದರೆ ತಪ್ಪಿಲ್ಲ. ಆದರೆ ಧ್ವನಿಮುದ್ರಣಕ್ಕೆ ಬೇಕಾದ ಆಡಿಯೊ ಇಂಟರ್‌ಫೇಸ್, ಒಳ್ಳೆಯ ಸ್ಪೀಕರ್‌ಗಳಿಗೂ ಹಣ ಉಳಿಯುತ್ತದೆಯೇ ನೋಡಿಕೊಳ್ಳಿ. ಹಾಸಿಗೆ ಇದ್ದಷ್ಟೇ ಕಾಲು ಚಾಚುವುದು ಸಂಗೀತಕ್ಕೂ ಸಲ್ಲುವ ಮಾತು.

ಹಳೆಯ ಯಂತ್ರ ಕೊಳ್ಳುವವರಿಗೆ ಒಂದು ಕಿವಿಮಾತು. ಅನಲಾಗ್ ಆಸಿಲೇಟರ್ ಬಿಸಿಯೇರಿದಂತೆ ಶ್ರುತಿ ಸರಿಯುವುದುಂಟು. ಯಂತ್ರವನ್ನು ಅರ್ಧ ಗಂಟೆ ಚಾಲೂ ಇಟ್ಟು, ತಂಬೂರಿಯ ಷಡ್ಜದೊಂದಿಗೆ ಹೋಲಿಸಿ ನೋಡಿ. ಪ್ರತಿ ಗುಂಡಿಯನ್ನೂ ತಿರುಗಿಸಿ, ಕರಕರ ಸದ್ದು ಬರುತ್ತದೆಯೇ ಆಲಿಸಿ. ಆನಂತರ ನಿಮಗೆ ಚೆನ್ನಾಗಿ ಬರುವ ಒಂದು ಕೃತಿಯನ್ನೋ ಭಾವಗೀತೆಯನ್ನೋ ನುಡಿಸಿ. ಕೈ ತಾನಾಗಿ ಎರಡನೆಯ ಚರಣಕ್ಕೆ ಹೋದರೆ, ಆ ಯಂತ್ರ ನಿಮ್ಮದೆಂದೇ ತಿಳಿಯಿರಿ.