ರಕ್ಷಿಸಲ್ಪಟ್ಟ ಅಂಜುಸ್ವಭಾವದ ನಾಯಿಗೆ ಹೊಸ ಮನೆ: ಸಾರ್ವಜನಿಕರ ಮಾಹಿತಿಗಾಗಿ

ಚಿತ್ರದುರ್ಗ ತಾಲ್ಲೂಕಿನ ತುರುವನೂರು ಹೋಬಳಿಯಂತಹ ಗ್ರಾಮೀಣ ಪ್ರದೇಶಗಳಲ್ಲಿ ಮನೆ, ಹೊಲ ಹಾಗೂ ಕುರಿಮಂದೆಗಳ ಕಾವಲಿಗಾಗಿ ನಾಯಿಯನ್ನು ಬಹುಕಾಲದಿಂದ ಸಾಕಲಾಗುತ್ತಿದೆ. ಆದುದರಿಂದ ನಾಯಿಯೆಂದರೆ ಬೊಗಳಬೇಕು, ಹೊಸಬರನ್ನು ತಡೆಯಬೇಕು ಎಂಬ ನಿರೀಕ್ಷೆಯು ಸಹಜವಾದುದಾಗಿರುತ್ತದೆ. ಆದರೆ ವಾಹನಕ್ಕೆ ಸಿಲುಕಿ, ಹಾಳುಬಾವಿಗೆ ಬಿದ್ದು, ಅಥವಾ ಸಾಕಿದವರಿಂದಲೇ ತ್ಯಜಿಸಲ್ಪಟ್ಟು, ಅನಂತರ ರಕ್ಷಿಸಲ್ಪಟ್ಟ ಕೆಲವು ನಾಯಿಗಳು ಮನುಷ್ಯರನ್ನು ಕಂಡೊಡನೆ ಬಾಲ ಮುದುರಿ ಕೊಟ್ಟಿಗೆಯ ಮೂಲೆಗೆ ಸರಿಯುತ್ತವೆ. ಇಂತಹ ನಾಯಿಯನ್ನು ಪುಕ್ಕಲು ಎಂದು ಮರಳಿ ಬೀದಿಗೆ ಬಿಡುವುದುಂಟು. ವಾಸ್ತವವಾಗಿ ಅದಕ್ಕೆ ಬೇಕಾಗಿರುವುದು ಹೊಂದುವಂತಹ ಮನೆ ಮತ್ತು ಕಾಲಾವಕಾಶ. ಇವೆರಡರಲ್ಲಿ ಕಾಲಾವಕಾಶವನ್ನು ಕೊಡುವವರೇ ವಿರಳ.

ಆರೋಗ್ಯ ತಪಾಸಣೆ

ನಾಯಿಯನ್ನು ಯಾರಿಗಾದರೂ ಒಪ್ಪಿಸುವ ಮೊದಲು ಪಶುವೈದ್ಯರಿಂದ ಪರೀಕ್ಷೆ ಮಾಡಿಸತಕ್ಕದ್ದು. ಇದಕ್ಕೆ ಮುಖ್ಯವಾದ ಕಾರಣವೊಂದಿದೆ. ರೇಬೀಸ್ ಅಥವಾ ಹುಚ್ಚುನಾಯಿ ರೋಗವು ಎಲ್ಲ ನಾಯಿಗಳಲ್ಲಿಯೂ ಉಗ್ರವಾಗಿ ಕಾಣಿಸಿಕೊಳ್ಳುವುದಿಲ್ಲ. ಅದರ ಮೂಕ ರೂಪದಲ್ಲಿ ನಾಯಿಯು ಕತ್ತಲೆಯ ಸ್ಥಳದಲ್ಲಿ ಅಡಗುತ್ತದೆ. ಕೆಳದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತದೆ. ನುಂಗಲಾರದೆ, ಧ್ವನಿ ಬದಲಾಗಿ, ಕ್ರಮೇಣ ಅಂಗಗಳು ಸ್ವಾಧೀನ ತಪ್ಪುತ್ತವೆ. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಭಾವಿಸಿ ಬಾಯಿಗೆ ಕೈ ಹಾಕುವುದು ಪ್ರಾಣಾಪಾಯಕರ. ಕೇವಲ ಅಂಜಿಕೆಯ ನಾಯಿಯಾದರೋ ಸುತ್ತಮುತ್ತ ಜನರಿಲ್ಲದಾಗ ಅನ್ನ ತಿನ್ನುತ್ತದೆ, ನೀರು ಕುಡಿಯುತ್ತದೆ. ಈ ವ್ಯತ್ಯಾಸವನ್ನು ಗಮನಿಸಬೇಕಾದರೂ ನಿರ್ಣಯವನ್ನು ಪಶುವೈದ್ಯರಿಗೇ ಬಿಡತಕ್ಕದ್ದು.

ಮೂರು ತಿಂಗಳು ತುಂಬಿದ ಮರಿಗೆ ರೇಬೀಸ್ ನಿರೋಧಕ ಲಸಿಕೆಯನ್ನು ಹಾಕಿಸಬಹುದು. ಅನಂತರ ಪಶುವೈದ್ಯರ ಸಲಹೆಯಂತೆ ವರ್ಷಕ್ಕೊಮ್ಮೆ ಮುಂದುವರಿಸತಕ್ಕದ್ದು. ಸೋಂಕು ತಗಲಿದ ನಂತರ ಲಕ್ಷಣಗಳು ತೋರಲು ವಾರಗಳಿಂದ ತಿಂಗಳುಗಳೇ ಹಿಡಿಯಬಹುದಾದ ಕಾರಣ, ಪೂರ್ವಚರಿತ್ರೆ ತಿಳಿಯದ ನಾಯಿಯ ಮೇಲೆ ಲಸಿಕೆಯ ನಂತರವೂ ನಿಗಾ ಇರಿಸುವುದು ಅವಶ್ಯ. ಸಂತಾನಹರಣ ಶಸ್ತ್ರಚಿಕಿತ್ಸೆ ಹಾಗೂ ಜಂತುನಾಶಕ ಔಷಧಿಯ ಬಗ್ಗೆಯೂ ಇದೇ ಭೇಟಿಯಲ್ಲಿ ವಿಚಾರಿಸಬಹುದು.

ಮನೆಯ ಆಯ್ಕೆ

ಮೊದಲು ಕೇಳಿದವರಿಗೆ ಕೊಟ್ಟು ಕೈತೊಳೆದುಕೊಳ್ಳುವುದು ಸರಿಯಲ್ಲ. ಕಾವಲಿಗೆಂದೇ ನಾಯಿಯನ್ನು ಬಯಸುವ ತೋಟದ ಮನೆಗಾಗಲಿ, ಕುರಿಮಂದೆಗಾಗಲಿ ಈ ನಾಯಿ ಒದಗುವುದಿಲ್ಲ; ಅಲ್ಲಿ ಅದನ್ನು ಬೈದು ಹೊಡೆಯುವ ಸಂಭವವೇ ಹೆಚ್ಚು. ಹಿತ್ತಿಲಿಗೆ ಭದ್ರವಾದ ಬೇಲಿ ಇರುವ, ಗಲಾಟೆ ಕಡಿಮೆಯಿರುವ ಮನೆ ಲೇಸು. ಅಲ್ಲಿ ಸಾಧುಸ್ವಭಾವದ ಇನ್ನೊಂದು ನಾಯಿಯಿದ್ದಲ್ಲಿ ಬಹಳ ಅನುಕೂಲ. ಮನುಷ್ಯರಿಂದ ಕಲಿಯದ ಧೈರ್ಯವನ್ನು ಅದು ತನ್ನ ಜಾತಿಯ ಪ್ರಾಣಿಯಿಂದ ಬೇಗ ಕಲಿಯುತ್ತದೆ. ಬಾಡಿಗೆ ಮನೆಯವರು ಮಾಲೀಕರ ಒಪ್ಪಿಗೆಯನ್ನು ಮುಂಚಿತವಾಗಿಯೇ ಪಡೆದಿರಬೇಕು. ಪಡೆಯುವವರು ಎರಡು ಮೂರು ಬಾರಿ ಬಂದು, ನಾಯಿಯನ್ನು ಮುಟ್ಟದೆ, ಸಮೀಪದಲ್ಲಿ ಸುಮ್ಮನೆ ಕುಳಿತು ಹೋಗುವುದು ಉತ್ತಮ. ಅಷ್ಟು ತಾಳ್ಮೆಯಿಲ್ಲದವರು ಮುಂದೆಯೂ ತಾಳಲಾರರೆಂದು ತಿಳಿಯಬಹುದು.

ನಾಯಿಯನ್ನು ಕೇಳಿ ಪಡೆಯುವುದು ಕನ್ನಡ ನಾಡಿಗೆ ಹೊಸದಲ್ಲ. ಹತ್ತನೆಯ ಶತಮಾನದ ಆತಕೂರು ಶಾಸನದಲ್ಲಿ ಮಣಲೆರನೆಂಬ ವೀರನು ತಕ್ಕೋಲದ ಯುದ್ಧದ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದ ಉಲ್ಲೇಖವಿದೆ. ಕಾಳಿಯು ಹಂದಿಯೊಡನೆ ಹೋರಾಡಿ ಮಡಿದ ಧೀರ ನಾಯಿ. ಅಂಜುವ ನಾಯಿಗಾಗಿ ಯಾರೂ ಕಲ್ಲು ನಿಲ್ಲಿಸಿದಂತಿಲ್ಲ.

ಮೊದಲ ದಿನಗಳು

ಇಂತಹ ನಾಯಿಗಳು ಕೈತಪ್ಪಿ ಹೋಗುವ ಭಯವು ಸಾಗಾಣಿಕೆಯ ಸಮಯದಲ್ಲಿ ಮತ್ತು ಹೊಸ ಮನೆಯ ಮೊದಲ ದಿನಗಳಲ್ಲಿ ಅಧಿಕ. ಬೆದರಿದ ನಾಯಿಯು ಸಡಿಲವಾದ ಕೊರಳಪಟ್ಟಿಯಿಂದ ತಲೆಯನ್ನು ಹಿಂದಕ್ಕೆಳೆದು ಪಾರಾಗುತ್ತದೆ. ಅಪರಿಚಿತ ಊರಿನಲ್ಲಿ ಓಡಿದ ಮೇಲೆ ಕರೆದರೆ ಬರುವಷ್ಟು ಸಲಿಗೆಯೂ ಬೆಳೆದಿರುವುದಿಲ್ಲ. ಆದುದರಿಂದ ಎದೆಗೂ ಸುತ್ತುವ ಪಟ್ಟಿಯನ್ನು ಬಳಸಿ, ಮುಚ್ಚಿದ ವಾಹನದಲ್ಲಿ ಒಯ್ದು, ಮನೆಯ ಬಾಗಿಲು ಹಾಕಿದ ಬಳಿಕವೇ ಹಗ್ಗ ಬಿಚ್ಚತಕ್ಕದ್ದು. ಹಳೆಯ ಗೋಣಿತಾಟನ್ನು ಜೊತೆಗೆ ಕೊಟ್ಟಲ್ಲಿ ಪರಿಚಿತ ವಾಸನೆಯಿಂದ ಅದಕ್ಕೆ ನೆಮ್ಮದಿಯಾಗುತ್ತದೆ. ಆಹಾರವನ್ನೂ ಕೂಡಲೇ ಬದಲಿಸಬಾರದು. ಮುದ್ದೆ ಮಜ್ಜಿಗೆಗೆ ಒಗ್ಗಿದ ನಾಯಿಗೆ ಅಂಗಡಿಯ ಆಹಾರ ಒಮ್ಮೆಲೇ ಹಾಕಿದರೆ ಭೇದಿಯಾಗಬಹುದು.

ಮನೆಯ ಒಂದು ಮೂಲೆಯನ್ನು ಅದಕ್ಕೆ ಬಿಟ್ಟುಕೊಟ್ಟು, ಎಳೆದು ಹೊರತರುವ ಪ್ರಯತ್ನವನ್ನು ಮಾಡಬಾರದು. ನೆಂಟರಿಷ್ಟರಿಗೆ ತೋರಿಸುವ ಉತ್ಸಾಹವನ್ನು ಕೆಲವು ವಾರ ತಡೆದುಕೊಳ್ಳಬೇಕು. ನಾಯಿಯು ಮುಖ ತಿರುಗಿಸುವುದು, ಪದೇ ಪದೇ ತುಟಿ ನೆಕ್ಕುವುದು, ನಿದ್ರೆಯಿಲ್ಲದೆಯೂ ಆಕಳಿಸುವುದು ಸಾಮಾನ್ಯವಾಗಿ ಭಯದ ಸೂಚನೆಗಳು. ಇವನ್ನು ಲೆಕ್ಕಿಸದೆ ಮೂಲೆಗೊತ್ತಿದಲ್ಲಿ ಎಂತಹ ಸಾಧು ನಾಯಿಯೂ ಕಚ್ಚಬಹುದು. ಮಕ್ಕಳಿಗೆ ಇದನ್ನು ಮೊದಲೇ ತಿಳಿಹೇಳತಕ್ಕದ್ದು. ಕಚ್ಚಿದಲ್ಲಿ ಗಾಯವನ್ನು 15 ನಿಮಿಷಗಳ ಕಾಲ ಸೋಪು ಹಾಗೂ ಹರಿಯುವ ನೀರಿನಿಂದ ತೊಳೆದು, ನಾಯಿಗೆ ಲಸಿಕೆಯಾಗಿದ್ದರೂ ತಡಮಾಡದೆ ವೈದ್ಯರನ್ನು ಕಾಣಬೇಕು. ದೀಪಾವಳಿ ಸಮೀಪದಲ್ಲಿದ್ದರೆ ಹಸ್ತಾಂತರವನ್ನು ಹಬ್ಬದ ನಂತರಕ್ಕೆ ಮುಂದೂಡುವುದು ಸೂಕ್ತ.

ಕಾನೂನು

ಹಸಿವು, ಬಾಯಾರಿಕೆಯಿಂದ ನರಳುವಂತಹ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತ್ಯಜಿಸುವುದು ಪ್ರಾಣಿಗಳಿಗೆ ಕ್ರೌರ್ಯ ತಡೆ ಅಧಿನಿಯಮ, 1960ರ 11ನೇ ಪ್ರಕರಣದ ಮೇರೆಗೆ ಅಪರಾಧವಾಗಿರುತ್ತದೆ. ಹೊಂದಿಕೆಯಾಗದಿದ್ದಲ್ಲಿ ನಾಯಿಯನ್ನು ಕೊಟ್ಟವರಿಗೇ ಹಿಂತಿರುಗಿಸುವುದೆಂಬ ಮಾತನ್ನು ಆರಂಭದಲ್ಲಿಯೇ ಬರಹದಲ್ಲಿ ಮಾಡಿಕೊಳ್ಳುವುದು ಉಭಯತ್ರರಿಗೂ ಕ್ಷೇಮ. ಲಸಿಕೆಯ ಪುಸ್ತಕವನ್ನು, ನಾಯಿಯು ಯಾವುದಕ್ಕೆ ಬೆದರುತ್ತದೆಂಬ ವಿವರದೊಂದಿಗೆ, ಹಸ್ತಾಂತರದ ದಿನವೇ ಒಪ್ಪಿಸತಕ್ಕದ್ದು. ಚಿಕಿತ್ಸೆಗಾಗಿ ಸಮೀಪದ ಪಶುವೈದ್ಯ ಸಂಸ್ಥೆಯನ್ನು ಅಥವಾ ಸಹಾಯವಾಣಿ 1962ನ್ನು ಸಂಪರ್ಕಿಸಬಹುದಾಗಿದೆ.