ಓಟು ಇದೆ, ಅಧಿಕಾರ ಎಲ್ಲಿ? ಕೇಂದ್ರಾಡಳಿತ ಪ್ರದೇಶಗಳ ಕಥೆ

ಒಂದು ಪ್ರಶ್ನೆಯಿಂದ ಶುರು ಮಾಡೋಣ. ದೆಹಲಿಯ ಮುಖ್ಯಮಂತ್ರಿ ತಮ್ಮದೇ ಊರಿನ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್‌ನ ಟ್ರಾನ್ಸ್‌ಫರ್ ಮಾಡಬಹುದಾ? ಆಗಲ್ಲ. ದೆಹಲಿ ಪೊಲೀಸರು ಇರೋದು ಕೇಂದ್ರ ಗೃಹ ಸಚಿವಾಲಯದ ಕೈಯಲ್ಲಿ. ಪೊಲೀಸ್, ಕಾನೂನು ಸುವ್ಯವಸ್ಥೆ, ಜಮೀನು ಈ ಮೂರೂ ಅಲ್ಲಿನ ಜನ ಆರಿಸಿದ ಸರ್ಕಾರಕ್ಕೆ ಸೇರಲ್ಲ. ಯಾಕಂದ್ರೆ ದೆಹಲಿ ಪೂರ್ಣ ರಾಜ್ಯ ಅಲ್ಲ, ಕೇಂದ್ರಾಡಳಿತ ಪ್ರದೇಶ.

ದೇಶದಲ್ಲಿ ಈಗ 28 ರಾಜ್ಯ, 8 ಕೇಂದ್ರಾಡಳಿತ ಪ್ರದೇಶಗಳಿವೆ. ಈ ಎಂಟರಲ್ಲಿ ವಿಧಾನಸಭೆ ಇರೋದು ಮೂರಕ್ಕೆ ಮಾತ್ರ: ದೆಹಲಿ, ಪುದುಚೇರಿ, ಜಮ್ಮು ಮತ್ತು ಕಾಶ್ಮೀರ. ಚಂಡೀಗಢ, ಲಕ್ಷದ್ವೀಪ, ಅಂಡಮಾನ್ ನಿಕೋಬಾರ್, ಲಡಾಖ್, ದಾದ್ರಾ ನಗರ ಹವೇಲಿ ಮತ್ತು ದಮನ್ ದಿಯು ಈ ಐದಕ್ಕೆ ಎಂಎಲ್‌ಎಗಳೇ ಇಲ್ಲ. ಜನ ಲೋಕಸಭೆಗೆ ಓಟು ಹಾಕ್ತಾರೆ. ಆಡಳಿತ ನಡೆಸೋದು ಮಾತ್ರ ರಾಷ್ಟ್ರಪತಿ ನೇಮಿಸಿದ ಒಬ್ಬ ಅಧಿಕಾರಿ, ಅಂದ್ರೆ ಕೇಂದ್ರ ಸರ್ಕಾರ.

ಈ ವ್ಯವಸ್ಥೆ ಎಲ್ಲಿಂದ ಬಂತು? ಇದಕ್ಕೆ ನಾವು ಮಡಿಕೇರಿಗೆ ಹೋಗ್ಬೇಕು. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೆ ಅದನ್ನು ಚೀಫ್ ಕಮಿಷನರ್ ಕೈಗೆ ಕೊಟ್ಟರು. ದೊಡ್ಡ ಪ್ರಾಂತ್ಯಗಳಿಗೆ ಸೇರಿಸದ ಸಣ್ಣ ಪ್ರದೇಶಗಳನ್ನು ಮೇಲಿನಿಂದ ನೇರವಾಗಿ ಆಳೋ ಪದ್ಧತಿ ಅದು. ಸಂವಿಧಾನ ಜಾರಿಯಾದಾಗ ದೆಹಲಿ, ಅಜ್ಮೀರ್, ಕೊಡಗಿನಂಥ ಪ್ರದೇಶಗಳು ‘ಸಿ’ ವರ್ಗದ ರಾಜ್ಯಗಳಾದವು. 1952ರಲ್ಲಿ ಕೊಡಗಿಗೆ 24 ಸದಸ್ಯರ ಸ್ವಂತ ವಿಧಾನಸಭೆ, ಮುಖ್ಯಮಂತ್ರಿಯಾಗಿ ಸಿ.ಎಂ. ಪೂಣಚ್ಚ!

ಆದರೆ ಈ ‘ಸಿ’ ರಾಜ್ಯಗಳು ತುಂಬ ಚಿಕ್ಕವು, ದುಡ್ಡಿಗೆ ಕೇಂದ್ರವನ್ನೇ ನಂಬಿದ್ದವು. ಫಜಲ್ ಅಲಿ ನೇತೃತ್ವದ ರಾಜ್ಯ ಪುನರ್ವಿಂಗಡಣಾ ಆಯೋಗ ಈ ವರ್ಗವೇ ಬೇಡ ಅಂತು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದ ಒಂದು ಜಿಲ್ಲೆಯಾಯ್ತು. 24 ಶಾಸಕರಿದ್ದ ಕಡೆ ಇವತ್ತು ಇರೋದು ಇಬ್ಬರು, ಮಡಿಕೇರಿ ಮತ್ತು ವಿರಾಜಪೇಟೆಯಿಂದ. ಬದಲಿಗೆ ಪೂರ್ಣ ಅಧಿಕಾರದ ಒಂದು ರಾಜ್ಯದಲ್ಲಿ ಪಾಲು ಸಿಕ್ಕಿತು.

ಅದೇ ದಿನ ಅಕ್ಕಪಕ್ಕದ ರಾಜ್ಯಕ್ಕೆ ಸೇರಿಸೋದು ಕಷ್ಟ ಅನಿಸಿದ ಆರು ಪ್ರದೇಶಗಳು ಕೇಂದ್ರಾಡಳಿತಕ್ಕೆ ಹೋದವು. ಕರಾವಳಿಯವರಿಗೆ ಇದರಲ್ಲೊಂದು ಸ್ವಾರಸ್ಯ ಇದೆ. ಇವತ್ತಿನ ಲಕ್ಷದ್ವೀಪದ ಉತ್ತರದ ಅಮಿನಿದಿವಿ ದ್ವೀಪಗಳು ಅಲ್ಲಿಯವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು!

ಮುಂದೆ ಬೇರೆ ಬೇರೆ ಕಾರಣಕ್ಕೆ ಪಟ್ಟಿ ಬೆಳೀತು. ಪುದುಚೇರಿ ಫ್ರೆಂಚರಿಂದ ಬಂತು, ಗೋವಾ, ದಮನ್, ದಿಯು ಪೋರ್ಚುಗೀಸರಿಂದ. 1966ರಲ್ಲಿ ಪಂಜಾಬ್ ಒಡೆದಾಗ ಚಂಡೀಗಢ ಪಂಜಾಬ್, ಹರಿಯಾಣ ಎರಡಕ್ಕೂ ರಾಜಧಾನಿಯಾಗಿ ಕೇಂದ್ರದ ಹತ್ತಿರ ಉಳೀತು.

ಹಲವು ಪ್ರದೇಶಗಳಿಗೆ ಇದು ರಾಜ್ಯವಾಗೋ ಮುಂಚಿನ ಮೆಟ್ಟಿಲು. ಹಿಮಾಚಲ 1971ರಲ್ಲಿ, ಮಣಿಪುರ ಮತ್ತು ತ್ರಿಪುರಾ 1972ರಲ್ಲಿ, ಮಿಜೋರಾಂ, ಅರುಣಾಚಲ, ಗೋವಾ 1987ರಲ್ಲಿ ರಾಜ್ಯಗಳಾದವು. ಗೋವಾದವರಂತೂ 1967ರ ಜನಮತದಲ್ಲಿ ಮಹಾರಾಷ್ಟ್ರದ ಜೊತೆ ವಿಲೀನ ಬೇಡ ಅಂತ ಓಟು ಹಾಕಿ, 20 ವರ್ಷ ಕಾದು ರಾಜ್ಯ ಪಡೆದರು.

2019ರಲ್ಲಿ ಮೊದಲ ಸಲ ಈ ಮೆಟ್ಟಿಲನ್ನು ಕೆಳಗಿಳಿದದ್ದಾಯ್ತು. ಪೂರ್ಣ ರಾಜ್ಯವಾಗಿದ್ದ ಜಮ್ಮು ಮತ್ತು ಕಾಶ್ಮೀರ ಅಕ್ಟೋಬರ್ 31ರಂದು ಎರಡು ಕೇಂದ್ರಾಡಳಿತ ಪ್ರದೇಶಗಳಾಯ್ತು. ಶ್ರೀನಗರದ ಹಿಡಿತ ತಪ್ಪಿತು ಅಂತ ಲೇಹ್‌ನಲ್ಲಿ ಅನೇಕರು ಸಂಭ್ರಮಿಸಿದರು, ಕಾರ್ಗಿಲ್‌ನಲ್ಲಿ ವಿರೋಧ ಇತ್ತು. ಆದರೆ ಹಳೆ ವಿಧಾನಸಭೆಯಲ್ಲಿ ಲಡಾಖ್‌ಗೆ 4 ಸೀಟು ಇದ್ದವು, ಹೊಸ ವ್ಯವಸ್ಥೆಯಲ್ಲಿ ಸೊನ್ನೆ. ಇರೋದು ಒಬ್ಬ ಸಂಸದ ಮತ್ತು ಸೀಮಿತ ಅಧಿಕಾರದ ಎರಡು ಗಿರಿ ಮಂಡಳಿಗಳು. ನಮ್ಮ ಜಮೀನು, ನಮ್ಮ ಕೆಲಸದ ಬಗ್ಗೆ ಕಾನೂನು ಮಾಡೋರು ಯಾರು ಅನ್ನೋ ಆತಂಕ ಬೆಳೀತು. ಲೇಹ್, ಕಾರ್ಗಿಲ್ ಎರಡೂ ಕಡೆಯ ಸಂಘಟನೆಗಳು ಒಟ್ಟಾಗಿ ರಾಜ್ಯದ ಸ್ಥಾನಮಾನ, ಸಂವಿಧಾನದ ಆರನೇ ಪರಿಚ್ಛೇದದ ರಕ್ಷಣೆ ಕೇಳಿದವು. 2025ರ ಸೆಪ್ಟೆಂಬರ್ 24ರಂದು ಲೇಹ್‌ನ ಪ್ರತಿಭಟನೆ ಹಿಂಸೆಗೆ ತಿರುಗಿ ನಾಲ್ವರು ಜೀವ ಕಳೆದುಕೊಂಡರು.

ಹಾಗಂತ ಎಲ್ಲಾ ಕೇಂದ್ರಾಡಳಿತ ಪ್ರದೇಶಗಳನ್ನೂ ರಾಜ್ಯ ಮಾಡಿಬಿಡಬೇಕಾ? ಅಷ್ಟು ಸುಲಭ ಅಲ್ಲ. 2011ರ ಜನಗಣತಿ ಪ್ರಕಾರ ಲಕ್ಷದ್ವೀಪದ ಜನಸಂಖ್ಯೆ ಸುಮಾರು 64 ಸಾವಿರ. ಅಷ್ಟು ಸಣ್ಣ ಜಾಗ ಸ್ವಂತ ತೆರಿಗೆಯಲ್ಲಿ ಹಡಗು, ಆಸ್ಪತ್ರೆ, ಕಾಲೇಜು ನಡೆಸೋದು ಕಷ್ಟ. ಕೇಂದ್ರದ ದುಡ್ಡು ಬೇಕೇ ಬೇಕು. ಆದರೆ ದುಡ್ಡು ಬರೋದು ಬೇರೆ, ಅದನ್ನ ಹೇಗೆ ಖರ್ಚು ಮಾಡಬೇಕು ಅಂತ ಹೇಳೋ ಹಕ್ಕು ಬೇರೆ.

ನಮ್ಮ ರಸ್ತೆ ಹಾಳಾದ್ರೆ ನಾವು ಎಂಎಲ್‌ಎಗೆ ಬೈತೀವಿ, ಐದು ವರ್ಷಕ್ಕೊಮ್ಮೆ ಬದಲಾಯಿಸ್ತೀವಿ. ಲೇಹ್‌ನ ಹುಡುಗನೊಬ್ಬ ಲೆಫ್ಟಿನೆಂಟ್ ಗವರ್ನರ್‌ನ ಓಟು ಹಾಕಿ ಬದಲಾಯಿಸೋಕೆ ಆಗಲ್ಲ. ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶದ ನಡುವಿನ ನಿಜವಾದ ವ್ಯತ್ಯಾಸ ಇಷ್ಟೇ.